ಬಯಲಲ್ಲಿ ನಿಲ್ಲುವ ಡೀಸೆಲ್ ಪಂಪು: ಬಹುಕಾಲ ಬಳಸಿದ ಮೇಲಿನ ಅಭಿಪ್ರಾಯ

ಲಾರಿ, ಲೋಡರ್‌ಗಳಿಗೆ ಯಾರ್ಡಿನಲ್ಲೇ ಡೀಸೆಲ್ ಹಾಕಿಕೊಳ್ಳಲು ಇಟ್ಟುಕೊಂಡಿರುವ ಪಂಪು ಇದು. ನಿಮಿಷಕ್ಕೆ 50 ಲೀಟರ್ ಎತ್ತುತ್ತದೆ. ಒಳಗೆ ತಿರುಗುವ ಅಲಗುಗಳಿಂದ ಡೀಸೆಲ್ ತಳ್ಳುವ ವೇನ್ ಪಂಪು, ಫಿಲ್ಟರ್, ಮೀಟರ್. ಹೊರಗೆ ಪೈಪು ಮತ್ತು ಟ್ಯಾಂಕು ತುಂಬಿದೊಡನೆ ತಾನೇ ನಿಲ್ಲುವ ನಾಜಲ್. ಮೇಲೆ ಸೂರು ಇಲ್ಲ. ಬಿಸಿಲು, ಮಳೆ, ದೂಳು ಮೂರಕ್ಕೂ ಮೈಯೊಡ್ಡಿಯೇ ವರ್ಷಗಳನ್ನು ಕಳೆದಿದೆ. ಪಂಪು ಕೊಳ್ಳುವಾಗ ಎಲ್ಲರೂ ವೇಗ ಕೇಳುತ್ತಾರೆ. ನಾನೀಗ ಮೊದಲು ಬಾಗಿಲು ತೆಗೆಸಿ ನೋಡುತ್ತೇನೆ: ಫಿಲ್ಟರ್‌ಗೆ ಕೈ ಹೋಗುತ್ತದೆಯೇ? ಬಯಲಲ್ಲಿ ನಿಲ್ಲುವ ಪಂಪಿನ ಆಯಸ್ಸು ಅದನ್ನು ಎಷ್ಟು ಸಲೀಸಾಗಿ ಶುಚಿ ಮಾಡಬಹುದು ಎಂಬುದರ ಮೇಲೇ ನಿಂತಿದೆ.

ಈ ಪಂಪಿನಲ್ಲಿ ನನಗೆ ತುಂಬಾ ಹಿಡಿಸಿದ್ದು ನಾಜಲ್. ಮೂತಿಯ ತುದಿಯಲ್ಲಿ ಒಂದು ಪುಟ್ಟ ತೂತು ಇರುತ್ತದೆ, ಬಹಳ ಜನ ಅದನ್ನು ಗಮನಿಸಿರುವುದೇ ಇಲ್ಲ. ಡೀಸೆಲ್ ಹರಿಯುವಾಗ ಆ ತೂತಿನಿಂದ ಗಾಳಿ ಒಳಕ್ಕೆ ಎಳೆದುಕೊಳ್ಳುತ್ತಿರುತ್ತದೆ. ಟ್ಯಾಂಕು ತುಂಬಿ ಡೀಸೆಲ್ ತೂತನ್ನು ಮುಚ್ಚಿದರೆ ಗಾಳಿ ನಿಲ್ಲುತ್ತದೆ, ಒಳಗೆ ನಿರ್ವಾತ ಉಂಟಾಗಿ ಡಯಾಫ್ರಾಮ್ ಎಂಬ ತೆಳು ಪೊರೆಯನ್ನು ಎಳೆಯುತ್ತದೆ, ಲಿವರ್ 'ಟಕ್' ಎಂದು ಬಿಟ್ಟುಕೊಳ್ಳುತ್ತದೆ. ದೂಳು, ಡೀಸೆಲ್ ಸೇರಿ ಕಪ್ಪು ಅಂಟಾಗಿ ಅದೇ ತೂತಿನಲ್ಲಿ ಕೂತರೆ? ಅರ್ಧ ಟ್ಯಾಂಕೂ ತುಂಬಿರುವುದಿಲ್ಲ, ನಾಜಲ್ ಟಕ್ ಟಕ್ ಎಂದು ನಿಲ್ಲುತ್ತಲೇ ಇರುತ್ತದೆ. ಪಂಪು ಕೆಟ್ಟಿತೆಂದು ಮೆಕ್ಯಾನಿಕ್‌ಗೆ ಫೋನ್ ಮಾಡುವ ಮೊದಲು ಮೂತಿಯನ್ನು ಮೆತ್ತನೆಯ ಬಟ್ಟೆಯಿಂದ ಒರೆಸಿ ನೋಡಿ. ತಂತಿ ತೂರಿಸಬೇಡಿ. ದಿನವೂ ಕೆಲಸ ಶುರುವಾಗುವ ಮುಂಚೆ ನಾವು ಮೂತಿ ಒರೆಸುತ್ತೇವೆ, ಈ ನಾಜಲ್ ಇವತ್ತಿಗೂ ಹದವಾಗಿ ನಿಲ್ಲುತ್ತದೆ.

ಬೇಸರ ತರಿಸಿದ್ದು ಫಿಲ್ಟರ್ ಇರುವ ಜಾಗ. 10 ಮೈಕ್ರಾನಿನ (ಮಿಲಿಮೀಟರಿನ ನೂರನೇ ಒಂದು ಪಾಲಿನಷ್ಟು ಸಣ್ಣ ಕಣ ಹಿಡಿಯುವ), ತಿರುಗಿಸಿ ಕೂರಿಸುವ ಫಿಲ್ಟರ್ ಒಳ್ಳೆಯದೇ; ಆದರೆ ಮೋಟರ್ ಹಿಂದೆ ಅಡಗಿದೆ. ಅದರ ಕೆಳಗೆ ಬಟ್ಟಲಿಡಲು ಜಾಗವಿಲ್ಲ, ಬಿಚ್ಚಿದಾಗ ಡೀಸೆಲ್ ತಳದ ತಗಡಿನ ಮೇಲೇ ಸುರಿಯುತ್ತದೆ. ಕೈ ಹಾಕುವುದು ಕಷ್ಟವಾದ ಕೆಲಸವನ್ನು ಹುಡುಗರು 'ನಾಳೆ' ಎನ್ನುವುದು ಸಹಜ, ಆ ನಾಳೆಗಳು ಪಂಪಿಗೆ ಭಾರವಾಗುತ್ತವೆ. ತಯಾರಿಸಿದವರು ಪಕ್ಕದಲ್ಲೊಂದು ಬಾಗಿಲು ಕೊಟ್ಟಿದ್ದರೆ ಸಾಕಿತ್ತು.

ಫಿಲ್ಟರ್ ಬದಲಿಸುವ ಹೊತ್ತನ್ನು ಕ್ಯಾಲೆಂಡರ್‌ಗಿಂತ ಗಡಿಯಾರ ಚೆನ್ನಾಗಿ ಹೇಳುತ್ತದೆ. ನಿಮಿಷಕ್ಕೆ 50 ಲೀಟರ್ ಎಂದರೆ 20 ಲೀಟರ್ ಕ್ಯಾನು 24 ಸೆಕೆಂಡಿಗೆ ತುಂಬಬೇಕು. ಹೊಸ ಫಿಲ್ಟರ್ ಹಾಕಿದ ದಿನವೇ ಸಮಯ ನೋಡಿ ಬರೆದಿಡಿ. ಆ ಸಮಯ ಹೆಚ್ಚುತ್ತಾ ಹೋದರೆ ಫಿಲ್ಟರ್ ಕಟ್ಟಿದೆ ಎಂದರ್ಥ. ಬದಲಿಸಿದ ಮೇಲೂ ಸರಿಹೋಗದಿದ್ದರೆ ಪಂಪಿನ ಬಾಯಲ್ಲಿರುವ ಜಾಲರಿ ತೆಗೆದು ನೋಡಬೇಕು. ಹೊಸ ಫಿಲ್ಟರ್ ಬೇಗನೇ ಮತ್ತೆ ಕಟ್ಟಿತೋ, ಪಂಪನ್ನು ಬಿಟ್ಟು ಡೀಸೆಲ್ ಕೂಡಿಟ್ಟ ಟ್ಯಾಂಕಿನತ್ತ ನೋಡಿ. ತಳದಲ್ಲಿ ನೀರು ನಿಂತಿದ್ದರೆ ನೀರು-ಡೀಸೆಲ್ ಸೇರುವ ಗೆರೆಯಲ್ಲಿ ಸೂಕ್ಷ್ಮಜೀವಿಗಳು ಬೆಳೆದು ಲೋಳೆ ಕಟ್ಟುತ್ತದೆ. ಅಳತೆ ಕೋಲಿನ ತುದಿಗೆ ನೀರು ಪತ್ತೆಹಚ್ಚುವ ಪೇಸ್ಟ್ ಹಚ್ಚಿ ಇಳಿಸಿ, ನೀರಿದ್ದಷ್ಟು ಎತ್ತರಕ್ಕೆ ಬಣ್ಣ ಬದಲಾಗುತ್ತದೆ.

ಫಿಲ್ಟರ್ ಬಿಚ್ಚುವ ಮುಂಚೆ ಮೇನ್ ಸ್ವಿಚ್ ಆಫ್ ಮಾಡಿ ಬೀಗ ಹಾಕಿ, ನಾಜಲ್ ಒತ್ತಿ ಪೈಪಿನ ಒತ್ತಡವನ್ನು ಕ್ಯಾನಿಗೆ ಬಿಡಿ. ಇದರಲ್ಲಿ ರಾಜಿ ಬೇಡವೇ ಬೇಡ. ಹೊಸ ಫಿಲ್ಟರಿನ ಸೋರದಂತೆ ತಡೆಯುವ ರಬ್ಬರ್ ಗ್ಯಾಸ್ಕೆಟ್‌ಗೆ ಸ್ವಲ್ಪ ಡೀಸೆಲ್ ಸವರಿ, ಫಿಲ್ಟರ್ ಮೇಲೆ ಬರೆದಷ್ಟೇ ಸುತ್ತು ಕೈಯಲ್ಲಿ ಬಿಗಿಮಾಡಿ, ತಾರೀಖನ್ನು ಮಾರ್ಕರ್‌ನಲ್ಲಿ ಅದರ ಮೈಮೇಲೇ ಬರೆಯಿರಿ. ಡೀಸೆಲ್ ಒರೆಸಿದ ಬಟ್ಟೆಗಳು ಮುಚ್ಚಳವಿರುವ ಕಬ್ಬಿಣದ ಡಬ್ಬಕ್ಕೇ ಹೋಗಬೇಕು.

ಹೊರಮೈ ಸ್ಟೇನ್‌ಲೆಸ್ ಸ್ಟೀಲ್, ಚೆನ್ನಾಗಿ ಬಾಳಿದೆ. ಸಾಬೂನು ನೀರು, ಮೆತ್ತನೆ ಬಟ್ಟೆ ಸಾಕು. ಕಬ್ಬಿಣದ ನಾರಿನಿಂದ ತಿಕ್ಕಿದರೆ ಅದರ ಚೂರುಗಳು ಸ್ಟೀಲಿನಲ್ಲಿ ಉಳಿದು ಅಲ್ಲೇ ತುಕ್ಕಿನ ಚುಕ್ಕೆಗಳು ಏಳುತ್ತವೆ. ಡಿಸ್‌ಪ್ಲೇ ಮೇಲಿನ ಪ್ಲಾಸ್ಟಿಕ್ಕಿಗೆ ಥಿನ್ನರ್, ಪೆಟ್ರೋಲ್ ಸೋಕಿಸಲೇಬೇಡಿ, ಮಸುಕಾಗುತ್ತದೆ. ನಮ್ಮದು ಬಿಸಿಲಿಗೇ ಹಳದಿಯಾಯಿತು. ಮಧ್ಯಾಹ್ನ ಅಂಕಿ ಓದಲು ಅಂಗೈ ಮರೆ ಹಿಡಿಯಬೇಕು. ಲಾರಿ ತೊಳೆಯುವ ಪ್ರೆಶರ್ ವಾಷರ್ ಅನ್ನು ಪಂಪಿನತ್ತ ತಿರುಗಿಸಬಾರದು, ಕೇಬಲ್ ಹೋಗುವ ಸಂದಿಗಳಿಂದ ನೀರು ಒಳಗಿಳಿಯುತ್ತದೆ.

ಪೈಪು ಮೊದಲು ಬಿರಿಯುವುದು ನಾಜಲ್ ಹತ್ತಿರ ಬಾಗುವ ಕಡೆ. ಉಬ್ಬು ಕಂಡರೆ ಅಥವಾ ಒಳಗಿನ ತಂತಿ ಇಣುಕಿದರೆ ಬದಲಿಸಿ, ಟೇಪು ಸುತ್ತಿ ದಿನ ದೂಡಬೇಡಿ.

ಮೀಟರ್ ಬಗ್ಗೆ ದೂರಿಲ್ಲ. ಆಗಾಗ 5 ಲೀಟರ್ ಅಳತೆ ಪಾತ್ರೆಯಲ್ಲಿ ಹಿಡಿದು ನೋಡುತ್ತೇವೆ, ಮೊದಲು ಒಮ್ಮೆ ತುಂಬಿ, ಬಗ್ಗಿಸಿ, ಪೂರ್ತಿ ಸೋರಲು ಬಿಟ್ಟು. ಒಣ ಪಾತ್ರೆಯ ಗೋಡೆಗೆ ಅಂಟುವ ಡೀಸೆಲ್ಲೇ ಲೆಕ್ಕ ತಪ್ಪಿಸುತ್ತದೆ.

ಐದಕ್ಕೆ ನಾಲ್ಕು ಅಂಕ. ಕಳೆದ ಒಂದು ಅಂಕ ಫಿಲ್ಟರ್ ಇಟ್ಟ ಜಾಗಕ್ಕೆ. ಇದೇ ಪಂಪು ಪಕ್ಕದ ಬಾಗಿಲಿನೊಂದಿಗೆ ಬಂದರೆ ಎರಡನೆಯದನ್ನೂ ಕೊಳ್ಳುತ್ತೇನೆ.