ಮೆಷಿನಿನ ಅಡಿಗೆ ರಬ್ಬರ್ ಹಾಕಿಸುವ ಮೊದಲು ಇದನ್ನೊಮ್ಮೆ ಓದಿ

ಬದಿಯಡ್ಕದ ಹತ್ತಿರ ನಮ್ಮದೊಂದು ಸಣ್ಣ ಎಣ್ಣೆ ಮಿಲ್ಲು ಉಂಟು. ಕೊಬ್ಬರಿ ತುಂಡು ಮಾಡುವ ಕಟ್ಟರ್, ಅದಕ್ಕೆ ಕಪ್ಲಿಂಗ್‌ನಲ್ಲಿ (ಎರಡರ ಶಾಫ್ಟನ್ನು ಸೇರಿಸುವ ಕೊಂಡಿ) ನೇರ ಜೋಡಿಸಿದ 7.5 ಎಚ್‌ಪಿ ಮೋಟಾರು, ಆಚೆ ಬದಿಗೆ ಎಣ್ಣೆ ಹಿಂಡುವ ಎಕ್ಸ್‌ಪೆಲ್ಲರ್. ಕಳೆದ ವರ್ಷ ಮಳೆ ಬಿಟ್ಟ ಮೇಲೆ ಕಟ್ಟರಿನ ಅಲುಗಾಟ ಜಾಸ್ತಿಯಾಯಿತು. ಪಕ್ಕದ ಮನೆಯ ಅಕ್ಕ ಒಂದು ಬೆಳಿಗ್ಗೆ ಬಂದು, "ನಿಮ್ಮ ಮಿಲ್ಲು ಶುರುವಾದರೆ ನಮ್ಮ ಅಡಿಗೆಕೋಣೆಯ ಲೋಟಗಳೆಲ್ಲ ಒಂದಕ್ಕೊಂದು ಮಾತಾಡ್ತವೆ ಮಾರಾಯ್ರೇ" ಎಂದರು. ಆಗ ನಗುತ್ತಲೇ ಹೇಳಿದ್ದು. ಎರಡನೇ ಸಲ ಬಂದಾಗ ನಗು ಇರಲಿಲ್ಲ.

ವೆಲ್ಡಿಂಗ್ ಅಂಗಡಿಯವನನ್ನು ಕರೆಸಿದೆ. ಹೆಸರು ಬೇಡ, ಮನುಷ್ಯ ಕೆಟ್ಟವನಲ್ಲ. ಬಂದವನೇ, "ಅಡಿಗೆ ರಬ್ಬರ್ ಹಾಕಿದರಾಯ್ತು" ಎಂದ. ಹಳೇ ಲಾರಿ ಟಯರ್ ಕೊಯ್ದು ನಾಲ್ಕು ತುಂಡು ಮಾಡಿ, ಮೋಟಾರಿನ ಕಾಲಡಿಗೆ ಇಟ್ಟು, ನಡುವಿನಿಂದ ಬೋಲ್ಟು ಇಳಿಸಿ, ಎರಡು ಅಡಿ ಪೈಪ್ ಸಿಕ್ಕಿಸಿದ ಸ್ಪಾನರಿನಲ್ಲಿ ತಿರುಗಿಸಿ ಬಿಗಿದ. ಬಿಗಿದಷ್ಟೂ ಒಳ್ಳೆಯದು ಎಂದು ನಾನೂ ತಲೆಯಾಡಿಸಿದೆ. ಚಾಲು ಮಾಡಿದರೆ ಒಂದು ಚೂರೂ ವ್ಯತ್ಯಾಸವಿಲ್ಲ. ಕಾರಣ ಗೊತ್ತಾದದ್ದು ಬಹಳ ತಡವಾಗಿ. ರಬ್ಬರಿನ ನಡುವೆ ಹೋದ ಆ ಬೋಲ್ಟು ಕಬ್ಬಿಣದ್ದು. ಮೋಟಾರಿನ ಕಾಲನ್ನೂ ನೆಲವನ್ನೂ ಅದು ಗಟ್ಟಿಯಾಗಿ ಹಿಡಿದುಕೊಂಡಿದೆ. ನಡುಕ ರಬ್ಬರನ್ನು ಬಿಟ್ಟು ಬೋಲ್ಟಿನಲ್ಲೇ ಇಳಿದು ನೆಲಕ್ಕೆ ಹೋಗುತ್ತದೆ.

ಮುಂದಿನ ವಾರ ಅಂಗಡಿಯಿಂದ "ರೆಡಿಮೇಡ್" ಮೌಂಟ್ ತಂದೆವು. ಮೇಲೊಂದು ಕೆಳಗೊಂದು ತಗಡು, ನಡುವೆ ದಪ್ಪ ಕಪ್ಪು ರಬ್ಬರ್, ಎರಡೂ ಕಡೆ ಸ್ಕ್ರೂ. ನಾಲ್ಕಕ್ಕೆ 2,800 ರೂಪಾಯಿ. ಅಂಗಡಿಯವರು ತೂಕ ಕೇಳಲಿಲ್ಲ, ಸ್ಪೀಡು ಕೇಳಲಿಲ್ಲ. "ಇದು ಹೆವಿ ಡ್ಯೂಟಿ" ಎಂದರು, ನಾನು ದುಡ್ಡು ಎಣಿಸಿದೆ. ಅಲುಗುವುದು ಮೋಟಾರೇ ಅಲ್ವಾ ಎಂದು ಮೋಟಾರಿಗೆ ಮಾತ್ರ ಹಾಕಿಸಿದ್ದು. ಕಟ್ಟರ್ ಎಂದಿನಂತೆ ಸಿಮೆಂಟಿನ ಮೇಲೆ.

ಈ ಸಲ ಲೋಟ ಮಾತ್ರವಲ್ಲ, ಮಾಡಿನ ಹಂಚೂ ಕುಣಿಯಿತು. ರಬ್ಬರ್ ಹಾಕಿದರೆ ಅಲುಗಾಟ ಹೆಚ್ಚಾಗುವುದುಂಟಾ?

ಉಂಟು. ಮಂಗಳೂರಿನಲ್ಲಿ ಡಿಪ್ಲೊಮಾ ಓದುವ ನಮ್ಮ ಅಕ್ಕನ ಮಗ ಫೋನಿನಲ್ಲಿ ಲೆಕ್ಕ ಹಾಕಿಸಿದ. ಮೋಟಾರು ಕೂರಿಸುವ ಮೊದಲು ಮೌಂಟಿನ ಎತ್ತರ ಅಳೆಯಬೇಕು, ಕೂರಿಸಿದ ಮೇಲೆ ಮತ್ತೊಮ್ಮೆ ಅಳೆಯಬೇಕು. ಎಷ್ಟು ಮಿಲಿಮೀಟರ್ ತಗ್ಗಿತು ಎಂದು ನೋಡಿ, ಅದರ ವರ್ಗಮೂಲದಿಂದ 15.8ನ್ನು ಭಾಗಿಸಬೇಕು. ಆ ರಬ್ಬರಿನ ಮೇಲೆ ಮೆಷಿನು ತಾನಾಗಿ ಸೆಕೆಂಡಿಗೆ ಎಷ್ಟು ಸಲ ಕುಣಿಯುತ್ತದೆ ಎಂದು ಹೆಚ್ಚುಕಡಿಮೆ ಸಿಗುತ್ತದೆ. ನಮ್ಮ ಮೌಂಟ್ ತಗ್ಗಿದ್ದು ಬರೀ 0.4 ಮಿಲಿಮೀಟರ್. ಲೆಕ್ಕಕ್ಕೆ ಸೆಕೆಂಡಿಗೆ 25 ಸಲ ಬಂತು. ಮೋಟಾರು ನಿಮಿಷಕ್ಕೆ 1440 ಸುತ್ತು, ಅಂದರೆ ಸೆಕೆಂಡಿಗೆ 24. "ಮಾವ, ನೀವು ಅಲುಗಾಟ ತಡೆದದ್ದಲ್ಲ, ಉಯ್ಯಾಲೆ ಹಿಂದೆ ಬಂದಾಗಲೆಲ್ಲ ಸರಿಯಾಗಿ ದೂಡಿದ್ದು" ಎಂದ. ಮೋಟಾರಿನ ಸ್ಪೀಡು ಆ ಕುಣಿತದ 1.4 ಪಟ್ಟು ದಾಟಿದ ಮೇಲಷ್ಟೇ ರಬ್ಬರ್ ತಡೆಯಲು ಶುರುಮಾಡುತ್ತದಂತೆ. ಸ್ಪೀಡು ಅದಕ್ಕಿಂತ ಕಡಿಮೆಯಾದರೆ ರಬ್ಬರ್ ಇರುವುದೇ ಉಪದ್ರ. 4 ಮಿಲಿಮೀಟರ್ ತಗ್ಗುವ ಮೌಂಟ್ ಹಾಕಿದ್ದರೆ ಕುಣಿತ ಸೆಕೆಂಡಿಗೆ 8 ಆಗಿ, ನೆಲಕ್ಕೆ ಇಳಿಯುವ ನಡುಕ ಎಂಟರಲ್ಲೊಂದು ಪಾಲಿಗೆ ಬರುತ್ತಿತ್ತು. ಇದು ಕಾಗದದ ಲೆಕ್ಕ. ರಬ್ಬರ್ ಅಲುಗುವಾಗ ಸುಮ್ನೆ ಕೂತಾಗಿನದಕ್ಕಿಂತ ಗಟ್ಟಿಯಾಗಿರುವುದರಿಂದ ನಿಜದಲ್ಲಿ ಲಾಭ ಸ್ವಲ್ಪ ಕಡಿಮೆ.

ಈ ಫೋನು ಮಾಡಿದ್ದು ಮಾತ್ರ ಎಲ್ಲ ಹಾಳಾದ ಮೇಲೆ. ಅಷ್ಟರೊಳಗೆ ಆದದ್ದು ಕೇಳಿ.

ಮೋಟಾರು ರಬ್ಬರಿನ ಮೇಲೆ ಅಲುಗುತ್ತದೆ, ಕಟ್ಟರ್ ಅಲುಗುವುದಿಲ್ಲ. ಎರಡರ ನಡುವೆ ಸಿಕ್ಕಿದ್ದು ಕಪ್ಲಿಂಗ್. ನಮ್ಮದು ಪಿನ್ನು-ಬುಶ್ಶಿನದು, ಪಿನ್ನುಗಳಿಗೆ ಬಳೆಯ ಹಾಗೆ ತೊಡಿಸಿದ ಆರು ರಬ್ಬರ್ ಬುಶ್. ಮೂರನೇ ದಿನ ಕಪ್ಲಿಂಗಿನ ಕೆಳಗೆ ಕರಿ ಪುಡಿ ಬಿದ್ದಿತ್ತು, ಮಸಿಯ ಹಾಗೆ. ಬೆರಳಲ್ಲಿ ಮುಟ್ಟಿದರೆ ಬಿಸಿ, ಅಂಟಂಟು. ಗ್ರೀಸಿರಬೇಕು ಎಂದು ಒರೆಸಿ ಬಿಟ್ಟೆ. ಅದು ಬುಶ್ಶೇ ಅರೆದು ಬಿದ್ದದ್ದು. ನಾಲ್ಕನೇ ದಿನ ಒಂದು ಪಿನ್ನು ಹಾರಿ, ಗೋಡೆ ಬದಿಯಲ್ಲಿಟ್ಟಿದ್ದ ಖಾಲಿ ಎಣ್ಣೆ ಡಬ್ಬಿಯನ್ನು ತೂತು ಮಾಡಿ ಹೋಯಿತು. ಡಬ್ಬಿ ಇದ್ದ ಜಾಗದಲ್ಲಿ ಕೆಲಸದ ಹುಡುಗ ಸಾಮಾನ್ಯವಾಗಿ ಕುಕ್ಕರಗಾಲಲ್ಲಿ ಕೂತು ಬೀಡಿ ಹಚ್ಚುತ್ತಾನೆ. ಕಪ್ಲಿಂಗನ್ನು ಮುಚ್ಚುವ ಗಾರ್ಡ್ ತೆಗೆದಿಟ್ಟವ ನಾನೇ. ಅದಕ್ಕೆ ಬೇರೆ ಯಾರನ್ನೂ ದೂರುವ ಹಾಗಿಲ್ಲ.

ವೆಲ್ಡಿಂಗಿನವನ ಪರಿಹಾರ: ಕಟ್ಟರಿಗೂ ಬೇರೆ ನಾಲ್ಕು ಮೌಂಟ್. ಈಗ ಎರಡೂ ಅವರವರ ಇಷ್ಟಕ್ಕೆ ಕುಣಿದವು. ಮತ್ತೆ ಮೂರು ಸೆಟ್ ಬುಶ್ ಹೋಯಿತು. ಒಂದೂವರೆ ತಿಂಗಳಲ್ಲಿ ಮೌಂಟೂ ಹೋಯಿತು. ಎಣ್ಣೆ ಮಿಲ್ಲಿನ ನೆಲ ಹೇಗಿರುತ್ತದೆ ಎಂದು ಗೊತ್ತಲ್ಲ, ಜಾರುವ ಹಾಗಿರುತ್ತದೆ. ಮೌಂಟಿನ ರಬ್ಬರ್ ಎಣ್ಣೆ ಕುಡಿದು ಉಬ್ಬಿ ಮೆತ್ತಗಾಗಿತ್ತು. ಉಗುರು ಒತ್ತಿದರೆ ಗುರುತು ಉಳಿಯುತ್ತಿತ್ತು. ಒಂದು ದಿನ ಮೋಟಾರು ಆಫ್ ಮಾಡುವಾಗ ಒಂದರ ರಬ್ಬರ್ ತಗಡಿನಿಂದ ಎದ್ದೇ ಬಂತು. ಮೋಟಾರು ವಾಲಿ ಅದರ ಬೀಡುಕಬ್ಬಿಣದ ಕಾಲು ಬಿರುಕುಬಿಟ್ಟಿತು. ಸುತ್ತಮುತ್ತ ರಬ್ಬರ್ ತೋಟ ಇಟ್ಟುಕೊಂಡು, ಮರದ ರಬ್ಬರಿಗೂ ಎಣ್ಣೆಗೂ ಆಗುವುದಿಲ್ಲ ಎಂಬುದು ನಮಗೆ ತಿಳಿದಿರಲಿಲ್ಲ! ಎಣ್ಣೆ ಬೀಳುವ ಕಡೆಗೆ ನೈಟ್ರೈಲ್ ರಬ್ಬರ್ ಬೇಕು. ನೋಡಲಿಕ್ಕೆ ಎರಡೂ ಒಂದೇ ಕಪ್ಪು, ಆದ್ದರಿಂದ ಕೇಳಿಯೇ ತೆಗೆದುಕೊಳ್ಳಬೇಕು. ತಗಡಿನಿಂದ ರಬ್ಬರ್ ಬಿಟ್ಟರೂ ಮೆಷಿನು ಎದ್ದು ಹೋಗದ ಹಾಗೆ ಮೇಲಿನ ಕಬ್ಬಿಣ ಕೆಳಗಿನದರೊಳಗೆ ಸಿಕ್ಕಿಕೊಂಡಿರುವ ಮೌಂಟೂ ಸಿಗುತ್ತದೆ. ಬೆಲೆ ಜಾಸ್ತಿ. ಮೋಟಾರಿನ ಕಾಲಿಗೆ ಕೊಟ್ಟ 6,500ರ ಮುಂದೆ ಅದು ಜಾಸ್ತಿಯಲ್ಲ.

ಕೊನೆಗೆ ಸರಿಮಾಡಿದವರು ಕುಂಬಳೆ ಕಡೆಯ ಒಬ್ಬ ಬಸ್ ಮೆಕ್ಯಾನಿಕ್. ನೋಡಿದ ಕೂಡಲೇ ಕೇಳಿದ್ದು ಒಂದೇ ಮಾತು. "ಅಲ್ಲ ಭಟ್ರೇ, ಬಸ್ಸಿನ ಇಂಜಿನಿಗೂ ಗೇರ್‌ಬಾಕ್ಸಿಗೂ ಬೇರೆ ಬೇರೆ ಕುರ್ಚಿ ಉಂಟಾ? ಎರಡನ್ನೂ ಬಿಗಿದು ಒಂದೇ ಮೈ ಮಾಡಿ, ಆ ಮೈಯನ್ನು ರಬ್ಬರಿನ ಮೇಲೆ ಇಡುವುದಲ್ವಾ?" ಆಮೇಲೆ ಕಟ್ಟರಿನ ಬ್ಲೇಡು ಬಿಚ್ಚಿಸಿ ನಮ್ಮದೇ ತಕ್ಕಡಿಯಲ್ಲಿ ತೂಗಿದರು. ಮಳೆಗಾಲದಲ್ಲಿ ಸಾಣೆ ಹಿಡಿಸಿದ್ದೆ. ಎದುರುಬದುರು ಬ್ಲೇಡಿಗೆ 18 ಗ್ರಾಂ ವ್ಯತ್ಯಾಸ ಬಂತು. ಇಷ್ಟೇನಾ ಎನಿಸಿತು. ಅಕ್ಕನ ಮಗನ ಲೆಕ್ಕದಲ್ಲಿ, ನಡುವಿನಿಂದ 15 ಸೆಂಟಿಮೀಟರ್ ದೂರದಲ್ಲಿ ಆ ಸ್ಪೀಡಿಗೆ ಸುತ್ತುವ 18 ಗ್ರಾಂ, ಆರು ಕೆಜಿಯಷ್ಟು ಜೋರಿನಲ್ಲಿ ಹೊರಗೆ ಜಗ್ಗುತ್ತದೆ. ಸೆಕೆಂಡಿಗೆ 24 ಸಲ. ತೂಕ ಸರಿಮಾಡಿದ ದಿನವೇ, ಯಾವ ರಬ್ಬರೂ ಇಲ್ಲದೆ, ಅರ್ಧಕ್ಕರ್ಧ ಕಡಿಮೆಯಾಯಿತು.

ಈಗ ಮೋಟಾರು, ಕಟ್ಟರ್ ಎರಡೂ ಒಂದೇ ಗಟ್ಟಿ ಚಾನೆಲ್ ಫ್ರೇಮಿನ ಮೇಲೆ, ಸರಿಯಾಗಿ ಸಾಲು ಹಿಡಿದು. ಫ್ರೇಮಿನ ಅಡಿಗೆ ನಾಲ್ಕು ನೈಟ್ರೈಲ್ ಮೌಂಟ್, ಒಟ್ಟು ತೂಕ ಹೇಳಿ ತರಿಸಿದ್ದು. ತಗ್ಗಿದ್ದು ನಾಲ್ಕು ಮಿಲಿಮೀಟರಿಗೆ ಸ್ವಲ್ಪ ಕಡಿಮೆ. ಗೋಡೆಗೆ ಬಿಗಿದಿದ್ದ ತಗಡಿನ ಚೂಟ್ (ಮಾಲು ಜಾರುವ ದೋಣಿ) ತೆಗೆದು ಅಂಗಿಯ ಕೈಯ ಹಾಗಿನ ದಪ್ಪ ಕ್ಯಾನ್ವಾಸಿನ ಕೊಳವೆ ಕಟ್ಟಿಸಿದೆ, ಇಲ್ಲದಿದ್ದರೆ ನಡುಕ ಅದರಲ್ಲೇ ಗೋಡೆಗೆ ಹೋಗುತ್ತಿತ್ತು. ಕೇಬಲ್ಲಿಗೆ ಒಂದು ಸುತ್ತು ಸಡಿಲ ಬಿಟ್ಟಿದೆ. ಗಾರ್ಡ್ ವಾಪಸ್ ಕೂತಿದೆ. ಬುಶ್ ಹಾಕಿ ಏಳು ತಿಂಗಳಾಯಿತು, ಕರಿ ಪುಡಿ ಇಲ್ಲ.

ಮೊನ್ನೆ ವೆಲ್ಡಿಂಗಿನವ ಬಂದಿದ್ದ. ಮೂಲೆಯಲ್ಲಿ ಬಿದ್ದಿದ್ದ ಹಳೇ ಮೌಂಟುಗಳನ್ನು ಕಾಲಲ್ಲಿ ತಿರುಗಿಸಿ ನೋಡಿ, "ಇದು ನಿಮಗೆ ಬೇಡವಾದರೆ ಕೊಡಿ, ಪೆರ್ಲದಲ್ಲಿ ಒಬ್ಬರ ಹಿಟ್ಟಿನ ಮಿಲ್ಲು ಅಲುಗ್ತದಂತೆ" ಎಂದ.