ಸಪ್ತಾಪುರದ ಪುಟ್ಟ ಅಂಗಡಿ, ನನ್ನ ಸಿ ಪ್ರೋಗ್ರಾಂ

ಸಿ ಪ್ರೋಗ್ರಾಮಿಂಗ್ ಭಾಷೆಯ ಲ್ಯಾಬ್ ಪರೀಕ್ಷೆಗೆ ಎರಡೇ ದಿನ ಇತ್ತು. ಲ್ಯಾಪ್‌ಟಾಪಲ್ಲಿ ಉಬುಂಟು ಅನ್ನೋ ಲಿನಕ್ಸ್ ಆಪರೇಟಿಂಗ್ ಸಿಸ್ಟಂ ಇತ್ತು, ಬರೆದ ಪ್ರೋಗ್ರಾಂ ಅನ್ನು ಯಂತ್ರದ ಭಾಷೆಗೆ ಬದಲಿಸೋ ಕಂಪೈಲರ್ ಜಿಸಿಸಿ ಕೂಡ ಇತ್ತು. ಆದರೂ ‘ಎಸ್‌ಟಿಡಿಐಒ.ಎಚ್, ನೋ ಸಚ್ ಫೈಲ್’, ಅಂದರೆ ಅಂಥ ಫೈಲೇ ಇಲ್ಲ ಅನ್ನೋ ಎರರೇ ಬರುತ್ತಿತ್ತು. ಮೊದಲು ಹೋದ ಕಡೆ ಪೂರ್ತಿ ಫಾರ್ಮ್ಯಾಟ್ ಮಾಡಬೇಕು ಅಂದರು. ನನಗೆ ಅಳುವೇ ಬಂತು.

ಧಾರವಾಡದ ಸಪ್ತಾಪುರದಲ್ಲಿ ಗೆಳತಿ ಹೇಳಿದ ಈ ಕಂಪ್ಯೂಟರ್ ರಿಪೇರಿ ಅಂಗಡಿಗೆ ಹೋದೆ. ಅಂಗಡಿಯ ಅಣ್ಣಾರು ಎರಡು ನಿಮಿಷ ನೋಡಿ, “ಕಂಪೈಲರ್ ಐತ್ರೀ ಅಕ್ಕಾರ, ಹೆಡರ್ ಫೈಲ್ ಇಲ್ಲ” ಅಂದರು. ಸಿ ಭಾಷೆಯ ಸಿದ್ಧ ಫಂಕ್ಷನ್ನುಗಳ ಪರಿಚಯವನ್ನು ಕಂಪೈಲರಿಗೆ ಕೊಡೋ ಫೈಲೇ ಹೆಡರ್. ‘ಬಿಲ್ಡ್-ಎಸೆನ್ಷಿಯಲ್’ ಅನ್ನೋ ಪ್ಯಾಕೇಜ್ ಹಾಕಿದರು. ಅದರ ಜೊತೆ ಸಿ ಲೈಬ್ರರಿಯ ಹೆಡರ್‌ಗಳೂ ಬಂದವು. ಅಷ್ಟೇ, ಫಾರ್ಮ್ಯಾಟ್ ಬೇಕಾಗಲೇ ಇಲ್ಲ.

ಆಮೇಲೆ ಕಾನಿಯೋ.ಎಚ್ ಅನ್ನೋ ಇನ್ನೊಂದು ಹೆಡರಿನ ತಕರಾರು ಶುರುವಾಯಿತು. ನನ್ನ ನೋಟ್ಸ್ ತುಂಬಾ ಅದೇ, ಜೊತೆಗೆ ಪರದೆ ಅಳಿಸೋ ಕ್ಲಿಯರ್ ಸ್ಕ್ರೀನ್, ಕೀ ಒತ್ತೋವರೆಗೆ ಕಾಯೋ ಗೆಟ್‌ಚ್. ಅದು ಡಾಸ್ ಅನ್ನೋ ಹಳೇ ಆಪರೇಟಿಂಗ್ ಸಿಸ್ಟಂ ಕಾಲದ ಟರ್ಬೋ ಸಿ ಕಂಪೈಲರ್ ಜೊತೆ ಬರುತ್ತಿದ್ದ ಹೆಡರ್, ಸಿ ಸ್ಟ್ಯಾಂಡರ್ಡ್‌ನಲ್ಲಿ ಇಲ್ಲವೇ ಇಲ್ಲ ಅಂತ ಬಿಡಿಸಿ ಹೇಳಿದರು. ಆ ಸಾಲುಗಳನ್ನು ನನ್ನ ಕೈಯಿಂದಲೇ ತೆಗೆಸಿದರು, ಪ್ರೋಗ್ರಾಂ ಶುರುವಾಗೋ ಸಾಲಿನಲ್ಲಿ ‘ವಾಯ್ಡ್ ಮೇನ್’ ಇದ್ದದ್ದನ್ನು ‘ಇಂಟ್ ಮೇನ್’ ಮಾಡಿಸಿದರು. ಸುಮ್ನೆ ತಾವೇ ಸರಿಮಾಡಿ ಕೊಟ್ಟಿದ್ದರೆ ನಾನು ಏನೂ ಕಲಿಯುತ್ತಿರಲಿಲ್ಲ, ಅಲ್ವಾ? ವರ್ಗಮೂಲದ ಪ್ರೋಗ್ರಾಂಗೆ ಮ್ಯಾತ್.ಎಚ್ ಸೇರಿಸಿದರೆ ಸಾಲದು, ಕಂಪೈಲ್ ಮಾಡೋ ಕಮಾಂಡ್ ಕೊನೆಗೆ ಗಣಿತದ ಲೈಬ್ರರಿ ಜೋಡಿಸೋ ‘-ಎಲ್‌ಎಂ’ ಕೂಡ ಬೇಕು ಅನ್ನೋದೂ ಅಲ್ಲೇ ಗೊತ್ತಾಯಿತು.

ತೆಗೆದುಕೊಂಡದ್ದು 100 ರೂಪಾಯಿ. ಕೂರಲು ಒಂದೇ ಸ್ಟೂಲ್, ಸಂಜೆ ಕೋಚಿಂಗ್ ಬಿಟ್ಟಮೇಲೆ ಗದ್ದಲ ಜಾಸ್ತಿ. ಬೆಳಿಗ್ಗೆ ಹೋಗಿ. ಎರರ್ ಬಂದ ಪ್ರೋಗ್ರಾಂ ಅಳಿಸದೆ ಹಾಗೇ ತೆಗೆದುಕೊಂಡು ಹೋಗಿ.