ಹಾಲಿವುಡ್ ಬೌಲ್ ಎದುರಿನ ಕುದುರೆಲಾಯ

ಲಾಸ್ ಏಂಜಲೀಸ್‌ನ ಹೈಲ್ಯಾಂಡ್ ಅವೆನ್ಯೂದಲ್ಲಿ, ಹಾಲಿವುಡ್ ಬೌಲ್ ಎಂಬ ಬಯಲು ರಂಗಮಂದಿರದ ಎದುರಿಗಿರುವ ಹಾಲಿವುಡ್ ಹೆರಿಟೇಜ್ ವಸ್ತುಸಂಗ್ರಹಾಲಯವು ಮೊದಲ ನೋಟಕ್ಕೆ ಮರದ ಕೊಟ್ಟಿಗೆಯಂತೆಯೇ ಕಾಣುತ್ತದೆ, ಮತ್ತು ಅದು ನಿಜಕ್ಕೂ ಕುದುರೆಲಾಯವಾಗಿತ್ತು. ಅಲಾಸ್ಕಾದಲ್ಲಿ ಚಿನ್ನ ಹುಡುಕಿ ಬರಿಗೈಯಲ್ಲಿ ಮರಳಿದ, 1911ರಲ್ಲಿ ನ್ಯೂಯಾರ್ಕ್‌ನ ರಂಗಮಂದಿರದ ಸಾಹಸದಲ್ಲೂ ಕೈಸುಟ್ಟುಕೊಂಡ ಜೆಸ್ಸಿ ಲಾಸ್ಕಿ, ತಂಗಿಯ ಗಂಡ, ಕೈಗವಸು ಮಾರುತ್ತಿದ್ದ ಸ್ಯಾಮ್ಯುಯೆಲ್ ಗೋಲ್ಡ್‌ಫಿಶ್ ಜೊತೆ ಕಟ್ಟಿದ ಸಿನಿಮಾ ಕಂಪನಿಗಾಗಿ ನಿರ್ದೇಶಕ ಸೆಸಿಲ್ ಡಿಮಿಲ್ 1913ರ ಕೊನೆಯಲ್ಲಿ ಬಾಡಿಗೆಗೆ ಹಿಡಿದದ್ದು ಇದನ್ನೇ. ಆಗ ಇದು ವೈನ್ ಬೀದಿಯಲ್ಲಿತ್ತು. 1914ರ ‘ದಿ ಸ್ಕ್ವಾ ಮ್ಯಾನ್’ ಚಿತ್ರ ಇಲ್ಲಿಂದಲೇ ತಯಾರಾಯಿತು. ಮಾಲೀಕ ಕುದುರೆ ತೊಳೆದಾಗ ನೀರು ಒಳಗೆ ಹರಿಯುತ್ತಿದ್ದುದರಿಂದ ಡಿಮಿಲ್ ಕಸದ ಬುಟ್ಟಿಯಲ್ಲಿ ಕಾಲಿಟ್ಟುಕೊಂಡು ಕೂರುತ್ತಿದ್ದರಂತೆ. ಮರುನಿರ್ಮಿಸಿದ ಅವರ ಕಚೇರಿಯ ಮುಂದೆ ನಿಂತಾಗ ಈ ಕಥೆಯೇ ನೆನಪಾಗುತ್ತದೆ. ಥಳುಕು ಬಯಸುವವರಿಗೆ ಇದು ಸಪ್ಪೆ ಎನಿಸಬಹುದು. ನನಗಂತೂ ಊರಿನ ಯಾವ ಸ್ಟುಡಿಯೊ ಪ್ರವಾಸಕ್ಕಿಂತಲೂ ಇದೇ ಹೆಚ್ಚು ಹಿಡಿಸಿತು.